ಕೆಳಗೇರಿಯ ಬಾಣಂತಿ ನೀರು

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡು ಬರುತ್ತದಾ, ಹೊಲಿಗೆ ಬರುತ್ತದಾ ಎಂದು ಕೇಳುವುದಿಲ್ಲ. ಅನ್ನ ಬಸಿದ ಗಂಜಿಯನ್ನು ಯಾವಾಗ ಚೆಲ್ಲುತ್ತೀಯಮ್ಮಾ ಎಂದು ಕೇಳುತ್ತಾರೆ. ‘ತಣ್ಣಗಾದ ಮೇಲೆ’ ಎಂದವಳು ಪಾಸು. ‘ಅಡುಗೆ ಮುಗಿದ ಮೇಲೆ’ ಎಂದವಳ ಮನೆಯಲ್ಲಿ ಕೊಟ್ಟ ಅವಲಕ್ಕಿಯನ್ನೂ ಮುಟ್ಟದೆ ಎದ್ದು ಹೋಗುತ್ತಾರೆ. ನನ್ನನ್ನು ನೋಡಲು ಬಂದಾಗ ನಾನು ‘ಗಂಜಿಯನ್ನು ಚೆಲ್ಲುವುದ್ಯಾಕೆ, ನಾನೇ ಕುಡೀತೇನೆ’ ಅಂದಿದ್ದೆ. ಜಟ್ಟಪ್ಪ ಅಲ್ಲೇ ನಕ್ಕುಬಿಟ್ಟ. ಅವನೇ ನನ್ನ ಗಂಡ.

ಇಷ್ಟೆಲ್ಲ ಯಾಕೆಂದರೆ ನಮ್ಮ ಕಡಲ ತಳದ ಕೆಳಗೆ ಉರಿಗಡ್ಡೆ ಇದೆ. ನೋಡಲು ಬೆಳ್ಳಗೆ, ಕಲ್ಲುಸಕ್ಕರೆಯ ಹಾಗೆ. ಗಂಡಸರು ದೋಣಿಯಲ್ಲಿ ಹೋಗಿ ಉದ್ದನೆಯ ಕೊಕ್ಕೆ ಇಳಿಸಿ ಕೆಸರಿನೊಳಗಿಂದ ಎಬ್ಬಿಸಿ ತರುತ್ತಾರೆ. ಮೇಲೆ ಬರುತ್ತಾ ಬರುತ್ತಾ ಅದು ಸುಂಯ್ ಎನ್ನುತ್ತಿರುತ್ತದೆ. ಅದಕ್ಕೆ ಕಡ್ಡಿ ಗೀರಿದರೆ ಭಗ್ ಎಂದು ಹೊತ್ತಿಕೊಳ್ಳುತ್ತದೆ. ಉರಿಯುತ್ತಲೇ ನೀರು ತೊಟ್ಟಿಕ್ಕುತ್ತದೆ. ಒಲೆಯ ಬುಡಕ್ಕೆ ತಟ್ಟೆ ಇಡದಿದ್ದರೆ ಅಡುಗೆಮನೆಯೆಲ್ಲ ಕೆಸರು. ಬೇಸಿಗೆಯಲ್ಲಿ ಒಂದು ತುಂಡನ್ನು ನೀರಿಗೆ ಹಾಕಿ ಅದರೊಳಗೆ ಮಜ್ಜಿಗೆಯ ಪಾತ್ರೆ ಇಟ್ಟರೆ, ಗಡ್ಡೆ ಗುಳುಗುಳು ಎನ್ನುತ್ತಾ ಸುತ್ತಲಿನ ಬಿಸಿಯನ್ನೆಲ್ಲ ಕುಡಿದು ಮಜ್ಜಿಗೆಯನ್ನು ಹಲ್ಲು ಜುಮ್ ಎನ್ನುವಷ್ಟು ತಣ್ಣಗೆ ಮಾಡಿಡುತ್ತದೆ. ಕಡಲ ತಳದ ಕೆಸರನ್ನು ಬಿಗಿಯಾಗಿ ಹಿಡಿದಿರುವುದೂ ಅದೇ. ಆ ಕೆಸರಿನ ಮೇಲೆ ದಡ, ದಡದ ಮೇಲೆ ನಾವು. ಗಡ್ಡೆ ಗಡ್ಡೆಯಾಗಿ ಇರಬೇಕಾದರೆ ಅದಕ್ಕೆ ಎರಡು ಬೇಕು: ಸುತ್ತ ಥಂಡಿ, ತಲೆಯ ಮೇಲೆ ನೀರಿನ ಭಾರ. ಭಾರವನ್ನು ಕಡಲು ನೋಡಿಕೊಳ್ಳುತ್ತದೆ. ಥಂಡಿಯನ್ನು ನಾವು ನೋಡಿಕೊಳ್ಳಬೇಕು ಎಂಬುದು ಊರಿನ ಕಟ್ಟಳೆ.

ಹಾಗಾಗಿ ಬಿಸಿಯಾದದ್ದು ಒಂದು ಹನಿಯೂ ಕಡಲಿಗೆ ಬೀಳಕೂಡದು. ಪ್ರತಿ ಕೇರಿಗೂ ಒಂದು ತಂಪುತೊಟ್ಟಿ. ಸ್ನಾನದ ನೀರು, ಪಾತ್ರೆಯ ನೀರು, ಎಲ್ಲವೂ ಮೊದಲು ಅಲ್ಲಿಗೆ. ಕೇರಿಯ ಹಿರಿಯ ಹೆಂಗಸೊಬ್ಬಳು ಬೆಳಿಗ್ಗೆ ಬಂದು, ಕುಪ್ಪಸದ ತೋಳು ಮೇಲೇರಿಸಿ, ತೊಟ್ಟಿಯಲ್ಲಿ ಮೊಣಕೈ ಅದ್ದಿ, ‘ಆಯ್ತು’ ಎಂದರೆ ಮಾತ್ರ ತೂಬು ತೆಗೆಯುವುದು. ನಮ್ಮ ಕೆಳಗೇರಿಗೆ ಆ ಹಿರಿಯಳು ನನ್ನಮ್ಮ ಮಂಕಾಳಿ. ಅವಳ ಬಲ ಮೊಣಕೈಯನ್ನು ಊರಿನವರು ಕೋರ್ಟು ಎಂದೇ ಕರೆಯುತ್ತಿದ್ದರು. ಅಪ್ಪ ತೀರಿಕೊಂಡ ಮರುದಿನವೂ ಅಮ್ಮ ಬೆಳಿಗ್ಗೆ ಎದ್ದು ಹೋಗಿ ಮೊಣಕೈ ಇಟ್ಟು ಬಂದೇ ಅಳಲು ಕೂತದ್ದು.

ಈ ಕಟ್ಟಳೆಯಲ್ಲಿ ಒಂದೇ ಒಂದು ಸಡಿಲ ಇತ್ತು, ಅದು ಬಾಣಂತಿಗೆ. ಬಾಣಂತಿಗೆ ಹಂಡೆ ಹಂಡೆ ಸುಡುನೀರು ಹುಯ್ಯದಿದ್ದರೆ ಮೈ ಕೂಡುವುದುಂಟೇ? ಆದರೆ ತೊಟ್ಟಿ ಅಷ್ಟು ಬಿಸಿಯನ್ನು ತಡೆಯಬೇಕಲ್ಲ. ಅದಕ್ಕೇ ಒಬ್ಬಳು ಬಾಣಂತಿಯಾದರೆ ಕೇರಿಗೆ ಕೇರಿಯೇ ತಣ್ಣೀರು ಸ್ನಾನ ಮಾಡುತ್ತದೆ. ನಾನು ಹೆಣ್ಣು ಹೆತ್ತು ತವರಿನ ಕತ್ತಲೆ ಕೋಣೆಯಲ್ಲಿ, ಕಿವಿಗೆ ಹತ್ತಿ, ತಲೆಗೆ ವಸ್ತ್ರ ಸುತ್ತಿಕೊಂಡು ಮಲಗಿದ್ದಾಗ ಹೊರಗೆ ಇಡೀ ಕೆಳಗೇರಿ ನನ್ನ ಹೆಸರು ಹೇಳಿಕೊಂಡು ನಡುಗುತ್ತಾ ಮೀಯುತ್ತಿತ್ತು.

“ಏ ಸಾತೂ, ನಿನ್ನ ಬೆನ್ನಿಗೆ ಸುಖ ಆಯ್ತೇನೇ? ನನ್ನ ಬೆನ್ನು ಮೀನಿನ ಹಾಗಾಗಿದೆ ಮಾರಾಯ್ತಿ!” ಎಂದು ಪಕ್ಕದ ಮನೆಯ ಬೊಮ್ಮಕ್ಕ ಗೋಡೆಯಾಚೆಯಿಂದಲೇ ಕೂಗುವಳು. “ಇನ್ನೊಂದು ಹೆರುವಾಗ ಬೇಸಿಗೆ ನೋಡಿ ಹೆರು.”

“ನಿಮ್ಮ ಸೊಸೆ ಹೆರುವಾಗ ನಾನು ಕಡಲಿಗೇ ಹೋಗಿ ಮೀಯ್ತೇನೆ ಬಿಡಿ ಬೊಮ್ಮಕ್ಕ,” ಅನ್ನುವೆ ನಾನು. ಅಮ್ಮ ಬಂದು ಬಾಣಂತಿ ಬಾಯಿ ಮಾಡಬಾರದು ಎಂದು ಗದರುವಳು. ಮಲಗಬೇಕು, ಮಾತಾಡಬಾರದು, ಕಿಟಕಿಯಲ್ಲಿ ಇಣುಕಬಾರದು. ಅಯ್ಯೋ, ನನ್ನಂಥವಳಿಗೆ ಅದಕ್ಕಿಂತ ಶಿಕ್ಷೆ ಬೇರೆ ಉಂಟೇ! ಮಗುವಿಗೆ ಹಿಮ್ಮಡಿ ಮುಟ್ಟಿಸುವ ದಿನವನ್ನೇ ಕಾಯುತ್ತಿದ್ದೆ. ಹೆಸರಿಡುವ ದಿನ ಕಡಲ ತಳದಿಂದ ನೀರು ತಂದು ಮಗುವಿನ ಹಿಮ್ಮಡಿ ಅದ್ದುತ್ತೇವೆ. ಆ ಥಂಡಿಗೆ ಮಗು ಕಿಟಾರನೆ ಕಿರುಚಿಕೊಂಡರೆ ಎಲ್ಲರೂ ‘ಥಂಡಿ, ಥಂಡಿ!’ ಎಂದು ಕುಣಿದು ಬೆಲ್ಲ ಹಂಚುತ್ತಾರೆ. ಆಮೇಲೆ ಬಾಣಂತಿಯೂ ಹೊರಗೆ ಬರಬಹುದು.

ಆ ದಿನ ಬರುವ ಮೊದಲೇ ಒಂದು ಬೆಳಿಗ್ಗೆ ಬೊಮ್ಮಕ್ಕನ ಕೂಗು ಕೇಳಿತು. ತಮಾಷೆಯ ಕೂಗಲ್ಲ ಅದು. “ಮಂಕಾಳೀ! ಓ ಮಂಕಾಳೀ! ಕಡಲು ಕುದೀತಿದೆಯೇ!”

ಅಮ್ಮ ಕೈಯಲ್ಲಿದ್ದ ಎಣ್ಣೆ ಬಟ್ಟಲನ್ನು ಅಲ್ಲೇ ಇಟ್ಟು ಓಡಿದಳು. ಕೇರಿಯಿಡೀ ಧಡಧಡ ಓಡಿತು. ನಾನು ಎಷ್ಟು ಹೊತ್ತು ಮಲಗಿರಲಿ? ಎದ್ದು, ವಸ್ತ್ರವನ್ನು ಬಿಗಿಯಾಗಿ ಸುತ್ತಿ, ಹಿಂದಿನ ಕಿಟಕಿಯ ಒಂದು ರೆಕ್ಕೆಯನ್ನು ತೆಗೆದೆ. ನಮ್ಮ ಹಿಂಬಾಗಿಲ ಮೆಟ್ಟಿಲ ಬುಡದಿಂದ ಹಿಡಿದು ತಂಪುತೊಟ್ಟಿಯ ತೂಬಿನವರೆಗೂ ನೀರು ಗುಳುಗುಳು, ಗುಳುಗುಳು! ಅನ್ನದ ಎಸರು ಬಂದ ಹಾಗೆ. ಮುತ್ತಿನ ಸರದಂಥ ಗುಳ್ಳೆಗಳು ಸಾಲುಸಾಲಾಗಿ ಏರಿ ಬಂದು ಪಟಪಟ ಒಡೆಯುತ್ತಿದ್ದವು. ಅಷ್ಟು ಚೆಂದದ ನೋಟವನ್ನು ನಾನು ಹುಟ್ಟಿದಲ್ಲಿಂದ ನೋಡಿರಲಿಲ್ಲ. ಚೆಂದ ಎನ್ನಿಸಿದ್ದಕ್ಕೇ ನನಗೆ ಹೆದರಿಕೆಯಾಯಿತು.

ಅಷ್ಟರಲ್ಲಿ ಬೊಮ್ಮಕ್ಕನ ಗಂಡ ಹಮ್ಮಣ್ಣ ನಿದ್ದೆಗಣ್ಣಲ್ಲಿ ಎದ್ದು ಬಂದ. ಬಾಯಲ್ಲಿ ಬೀಡಿ. ಗದ್ದಲ ನೋಡಿ “ಎಂತದಾ?” ಎಂದು ಬೀಡಿಯನ್ನು ತೆಗೆದು ನೀರಿಗೆ ಎಸೆದುಬಿಟ್ಟ ಪುಣ್ಯಾತ್ಮ! ಭಗ್! ನೀರಿನ ಮೇಲೆ ನೀಲಿ ಉರಿ ಎದ್ದಿತು. ಅಲೆ ಏರಿದರೆ ಉರಿಯೂ ಏರುತ್ತಿತ್ತು, ಇಳಿದರೆ ಇಳಿಯುತ್ತಿತ್ತು, ಗಾಳಿ ಬೀಸಿದರೆ ಒಂದು ಗುಳ್ಳೆಯಿಂದ ಇನ್ನೊಂದಕ್ಕೆ ಹಾರುತ್ತಿತ್ತು. ಮಕ್ಕಳು ಕೇಕೆ ಹಾಕಿದವು. ಹಮ್ಮಣ್ಣನ ಅರ್ಧ ಮೀಸೆ ಹೋಗಿತ್ತು. ಬೊಮ್ಮಕ್ಕ ಅವನಿಗೆ ಬಯ್ಯುತ್ತಲೇ ತನ್ನ ಸೆರಗಿನಿಂದ ಅವನ ಮುಖ ಒರೆಸುತ್ತಿದ್ದಳು. ಗಂಡಸರು ತೋಯಿಸಿದ ಗೋಣಿ ಬಡಿದು ಉರಿ ನಂದಿಸಿದರು. ಕೇರಿಯ ಒಲೆಗಳನ್ನೆಲ್ಲ ಆರಿಸಿದರು. ಗುಳ್ಳೆ ಮಾತ್ರ ನಿಲ್ಲಲಿಲ್ಲ. ಮೆಟ್ಟಿಲಿನ ಕೊನೆಯ ಕಲ್ಲು ಒಂದು ಬದಿಗೆ ವಾಲಿದ್ದನ್ನು ಮೊದಲು ನೋಡಿದವಳು ನಾನೇ.

ಬಿಸಿಲು ಏರುವುದರೊಳಗೆ ನಮ್ಮ ಅಂಗಳದಲ್ಲಿ ಕೂಟ ಸೇರಿತು. ಊರಿನ ನ್ಯಾಯ ನೋಡುವ ಗುರಿಕಾರ ಬೀರಣ್ಣ ಬಂದು ಜಗಲಿಯ ಮೇಲೆ ಕೂತ. ಒಳ್ಳೆಯ ಮನುಷ್ಯ, ಆದರೆ ಕಟ್ಟಳೆ ಎಂದರೆ ಕಟ್ಟಳೆ ಅನ್ನುವವ. ಜಟ್ಟಪ್ಪನೂ ದೋಣಿ ತಂದು ಕಟ್ಟಿ ಬಂದು ನಿಂತ. ಅವನು ಆಚೆ ಹೊರಬಂಡೆಯ ತನಕ ಹೋಗಿ ನೋಡಿ ಬಂದಿದ್ದ.

“ಆ ಬದಿ ಹೇಗಿದೆ?” ಎಂದು ಬೀರಣ್ಣ ಕೇಳಿದ.

“ಒಂದು ಗುಳ್ಳೆ ಇಲ್ಲ. ಅಲ್ಲಿ ಆಳ ಜಾಸ್ತಿ. ಕನ್ನಡಿ ಹಾಗಿದೆ ನೀರು.”

“ಅಂದ್ರೆ ಇಲ್ಲಿ ಮಾತ್ರ,” ಎಂದ ಬೀರಣ್ಣ, ತೊಟ್ಟಿಯ ಕಡೆ ನೋಡಿ. “ತೂಬಿನ ಬುಡದಲ್ಲೇ.”

ಕೆಳಗೇರಿಯಲ್ಲಿ ಬಿಸಿನೀರು ಕಾಯುತ್ತಿದ್ದ ಮನೆ ಒಂದೇ, ನಮ್ಮದು. ಆಗ ಅಮ್ಮ ಮುಂದೆ ಬಂದಳು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಅವಳ ಮುಖ ಸುಣ್ಣ ಬಳಿದ ಹಾಗಿತ್ತು.

“ಮಗು ಹುಟ್ಟಿದ ದಿನ ನಾನು ಮೊಣಕೈ ಇಡ್ಲಿಲ್ಲ ಬೀರಣ್ಣ,” ಅಂದಳು. “ಸಂತೋಷಕ್ಕೆ ತಲೆ ನಿಲ್ಲಲಿಲ್ಲ. ಹಾಗೇ ತೂಬು ತೆಗೆದೆ. ನೀರು ಬೆಚ್ಚಗಿತ್ತೋ ಏನೋ. ಇದ್ದಿರಬೇಕು.”

ಬಿಸಿ ಬಿಟ್ಟವರು ಘಟ್ಟ ಹತ್ತಿ ಹೋಗಬೇಕು, ಮತ್ತೆ ಕಡಲಿನ ಮುಖ ನೋಡಬಾರದು. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಬೊಮ್ಮಕ್ಕ ಗೋಳೋ ಎಂದು ಅತ್ತಳು. ಅಮ್ಮ ಯಾರ ಮಾತಿಗೂ ಕಾಯದೆ ಒಳಗೆ ಬಂದು, ಎರಡು ಸೀರೆ, ಒಂದು ತಂಬಿಗೆ, ಅಪ್ಪನ ಹಳೆಯ ಪಂಚೆ, ಇಷ್ಟನ್ನು ಹರವಿ ಗಂಟು ಕಟ್ಟತೊಡಗಿದಳು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನನ್ನ ಮಗುವಿಗೆ ಎಣ್ಣೆ ಹಚ್ಚಬೇಕಾದ ಕೈ ಅದು! ನನಗೆ ಹುಯ್ದ ನೀರಿಗಾಗಿ ನನ್ನಮ್ಮ ಊರು ಬಿಡುವುದೇ? “ಗಂಟು ಕಟ್ಟಬೇಡ, ಬಿಚ್ಚು!” ಎಂದೆ. ಅವಳು ಬಿಚ್ಚಲಿಲ್ಲ. ಸರಿ, ಮಗುವನ್ನು ಎತ್ತಿಕೊಂಡೆ, ಕಿವಿಯ ಹತ್ತಿಯನ್ನು ಕಿತ್ತು ಎಸೆದೆ, ಬಾಗಿಲು ದೂಡಿ ಸೀದಾ ಜಗಲಿಗೆ ಬಂದು ನಿಂತೆ. ಹಸಿ ಬಾಣಂತಿ ಹಗಲು ಬೆಳಕಿಗೆ! ಅಂಗಳದಲ್ಲಿ ಇದ್ದವರೆಲ್ಲ ಹಾ ಎಂದರು. ಜಟ್ಟಪ್ಪ ಓಡಿ ಬಂದು ತನ್ನ ಹೆಗಲ ಶಾಲನ್ನು ನನಗೆ ಹೊದಿಸಿದ.

“ಬೀರಣ್ಣ ಮಾವಾ, ಬಿಸಿ ಬೂದಿಯಲ್ಲಿ ಗೆಣಸು ಹೂತರೆ ಒಳಗಡೆ ಬೇಯೋಕೆ ಎಷ್ಟು ಹೊತ್ತು ಬೇಕು?” ಎಂದೆ.

“ಇದೆಂತ ಪ್ರಶ್ನೆಯೇ?”

“ಹೇಳಿ. ಗೆಣಸಿಗೇ ಅಷ್ಟು ಹೊತ್ತು ಬೇಕಾದ್ರೆ, ಗಡ್ಡೆ ಆಳುದ್ದ ಕೆಸರಿನೊಳಗೆ ಇರೋದು. ಬಿಸಿ ಮೇಲಿಂದ ಇಳಿದು ಅದನ್ನು ಮುಟ್ಟೋಕೆ ವರ್ಷಗಟ್ಟಲೆ ಬೇಕು. ನನ್ನ ಮಗಳು ಹುಟ್ಟಿ ಇನ್ನೂ ಹೊಕ್ಕುಳು ಒಣಗಿಲ್ಲ!”

“ಹಾಗಾದ್ರೆ ಹೊರಬಂಡೆ ಹತ್ರ ಯಾಕೆ ಇಲ್ಲ ಗುಳ್ಳೆ?” ಎಂದ ಹಮ್ಮಣ್ಣ, ಅರ್ಧ ಮೀಸೆಯನ್ನು ಮುಟ್ಟಿಕೊಳ್ಳುತ್ತಾ.

“ಅಲ್ಲಿ ಮೇಲೆ ನೀರು ಜಾಸ್ತಿ, ಭಾರ ಜಾಸ್ತಿ. ನೀವೇ ಕೊಕ್ಕೆ ಹಾಕೋರು, ನಿಮಗೆ ಗೊತ್ತಿಲ್ವಾ? ಆಳದಲ್ಲಿ ತೆಪ್ಪಗೆ ಇರೋ ಗಡ್ಡೆ ಮೇಲೆ ಬರುವಾಗ ತಾನೇ ಸುಂಯ್ ಅನ್ನೋದು? ಅದುಮಿ ಹಿಡಿದ್ರೆ ಸ್ವಲ್ಪ ಬೆಚ್ಚಗಾದ್ರೂ ಅದು ತಡ್ಕೊಳ್ತದೆ. ದಡದ ಹತ್ರ ಭಾರ ಕಮ್ಮಿ, ಇಲ್ಲಿ ಮೊದಲು ಬಿಡ್ತದೆ. ಗುಳ್ಳೆ ಇಲ್ಲ ಅಂದ್ರೆ ಥಂಡಿ ಇದೆ ಅಂತ ಯಾರು ಹೇಳಿದ್ರು? ಎರಡೂ ಕಡೆಯ ತಳದ ನೀರು ತರಿಸಿ ನೋಡಿ. ಅಮ್ಮನದೇ ತಪ್ಪಾದ್ರೆ ಇಲ್ಲಿದು ಬೆಚ್ಚಗಿರಬೇಕು, ಅಲ್ಲಿದು ತಣ್ಣಗಿರಬೇಕು. ಹೌದೋ ಅಲ್ವೋ?”

ಬೀರಣ್ಣ ತಲೆ ಕೆರೆದುಕೊಂಡ. ಆಮೇಲೆ ಹೌದು ಎಂದು ತಲೆ ಆಡಿಸಿದ. ಜಟ್ಟಪ್ಪ ಆಗಲೇ ದೋಣಿಯ ಹಗ್ಗ ಬಿಚ್ಚುತ್ತಿದ್ದ.

ತಳದ ನೀರು ತರುವುದೆಂದರೆ ಬಿರಡೆ ಹಾಕಿದ ಕೊಡವನ್ನು ಕಲ್ಲು ಕಟ್ಟಿ ಇಳಿಸಿ, ತಳ ಮುಟ್ಟಿದ ಮೇಲೆ ದಾರ ಎಳೆದು ಬಿರಡೆ ಕೀಳುವುದು. ತುಂಬಿದ ಕೂಡಲೇ ಸರಸರನೆ ಎಳೆದು ತೇವದ ಗೋಣಿ ಸುತ್ತುವುದು. ಜಟ್ಟಪ್ಪ ಹೊರಬಂಡೆಯ ಹತ್ತಿರದ ನೀರು ತಂದ. ಹಮ್ಮಣ್ಣ ನಮ್ಮ ತೂಬಿನ ಬುಡದ ನೀರು ಎತ್ತಿದ. ಎರಡು ಕೊಡ ಜಗಲಿಗೆ ಬಂದು ಕೂತವು. ಎಲ್ಲರೂ ಕತ್ತು ನೀಳ ಮಾಡಿ ನಿಂತರು. ಆಗ ಗೊತ್ತಾಯಿತು ನೋಡಿ ಪೇಚು! ನೀರಿಗೆ ಮೊಣಕೈ ಇಡುವವರು ಯಾರು? ಕೆಳಗೇರಿಯಲ್ಲಿ ಎಲ್ಲರೂ ನಂಬುವ ಮೊಣಕೈ ಒಂದೇ. ಅದೇ ಈಗ ಕಟಕಟೆಯಲ್ಲಿ ನಿಂತಿದೆ.

“ನಂದು ಬೇಡ,” ಎಂದಳು ಅಮ್ಮ, ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡೇ. “ನಾನು ಏನು ಹೇಳಿದ್ರೂ ನನಗೆ ಬೇಕಾದ್ದು ಹೇಳಿದೆ ಅಂತಾರೆ.”

“ನಾನು ಇಟ್ರೆ ಗೆಳತಿ ಪರ ಅಂತಾರೆ,” ಎಂದಳು ಬೊಮ್ಮಕ್ಕ.

“ನನ್ನ ಕೈ ಕೊಕ್ಕೆ ಹಿಡಿದು ಹಿಡಿದು ದಡ್ಡುಗಟ್ಟಿದೆ,” ಎಂದ ಬೀರಣ್ಣ. “ಬಿಸಿ ಥಂಡಿ ಯಾವುದೂ ತಿಳಿಯೋದಿಲ್ಲ.”

ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಮಗು ಕಾಲು ಝಾಡಿಸಿತು. ಕೆಂಪನೆಯ, ಹೂವಿನಂಥ ಹಿಮ್ಮಡಿ. ನಾನು ಅದನ್ನು ನೋಡಿದೆ. ಬೊಮ್ಮಕ್ಕ ನನ್ನನ್ನು ನೋಡಿದಳು. ಅವಳ ಕಣ್ಣು ಅರಳಿತು.

“ಮಗೂಗೆ ಯಾರ ಪರವೂ ಇಲ್ಲ!” ಎಂದು ಅವಳು ಕೂಗಿದಳು. “ಹಿಮ್ಮಡಿ ಮುಟ್ಟಿಸಿ! ಇವತ್ತೇ ಮುಟ್ಟಿಸಿ! ಥಂಡಿ ಇದ್ರೆ ಅಳ್ತದೆ, ಇಲ್ದಿದ್ರೆ ಇಲ್ಲ!”

ಅಂಗಳದಲ್ಲಿ ಗುಜುಗುಜು ಎದ್ದಿತು. ಹೆಸರಿಡುವ ಮೊದಲೇ ಮುಟ್ಟಿಸುವುದಾ? ಆಗಬಹುದಾ? ಬೀರಣ್ಣ ಕೈ ಎತ್ತಿ, “ಮಗುವಿಗೆ ಸುಳ್ಳು ಹೇಳೋಕೆ ಬರೋದಿಲ್ಲ. ಆಗಲಿ,” ಎಂದ. ಯಾವ ಕೊಡ ಎಲ್ಲಿಯದು ಎಂದು ಯಾರಿಗೂ ತಿಳಿಯದ ಹಾಗೆ ಅವನು ಎರಡಕ್ಕೂ ಒಂದೇ ಥರದ ಗೋಣಿ ಸುತ್ತಿಸಿ, ತಾನೊಬ್ಬನೇ ನೋಡಿ ಅದಲುಬದಲು ಮಾಡಿ ಇಟ್ಟ.

ನಾನು ಮಗುವನ್ನು ಎತ್ತಿ ಮೊದಲ ಕೊಡದ ಬಾಯಿಗೆ ಅದರ ಹಿಮ್ಮಡಿ ಇಳಿಸಿದೆ. ಅಬ್ಬಾ, ಆ ಕಿರುಚು! ಕಾಗೆಗಳು ಮಾಡಿನಿಂದ ಎದ್ದು ಹಾರಿದವು. ಅಭ್ಯಾಸಬಲದಿಂದ ಕೇರಿಯೆಲ್ಲ “ಥಂಡಿ, ಥಂಡಿ!” ಎಂದು ಕೂಗಿಯೇಬಿಟ್ಟಿತು. ನಾನು ಪುಟ್ಟ ಪಾದವನ್ನು ನನ್ನ ಅಂಗೈಯಲ್ಲಿ ಬೆಚ್ಚಗೆ ಮಾಡಿ, ಸಮಾಧಾನಪಡಿಸಿ, ಎರಡನೆಯ ಕೊಡಕ್ಕೆ ಇಳಿಸಿದೆ. ಮಗು ಒಮ್ಮೆ ಹುಬ್ಬು ಗಂಟಿಕ್ಕಿತು. ಆಮೇಲೆ ಮುಷ್ಟಿಯನ್ನು ಬಾಯಿಗೆ ಹಾಕಿಕೊಂಡು ಚೀಪತೊಡಗಿತು. ಕಾಲು ನೀರಲ್ಲೇ ಇತ್ತು.

“ಇನ್ನೊಮ್ಮೆ,” ಎಂದ ಬೀರಣ್ಣ. ಕೊಡಗಳನ್ನು ಮತ್ತೆ ಬದಲಿಸಿದರು. ಮತ್ತೆ ಅದೇ. ಒಂದಕ್ಕೆ ಕಿರುಚು, ಇನ್ನೊಂದಕ್ಕೆ ಮುಷ್ಟಿ ಚೀಪಾಟ. ಬೀರಣ್ಣ ಎದ್ದು ನಿಂತು, ಕಿರುಚಿಸಿದ ಕೊಡವನ್ನು ಮುಟ್ಟಿ ಹೇಳಿದ: “ಇದು ತೂಬಿನ ಬುಡದ್ದು.”

ಹೋ ಎಂದು ಕೂಗೆದ್ದಿತು! ಬೊಮ್ಮಕ್ಕ ಅಮ್ಮನನ್ನು ಗಂಟಿನ ಸಮೇತ ತಬ್ಬಿಕೊಂಡು ಗಿರಗಿರ ತಿರುಗಿಸಿದಳು. ಯಾರೋ ಒಳಗೆ ಓಡಿ ಬೆಲ್ಲ ತಂದರು. ಹಮ್ಮಣ್ಣ ಕಣ್ಣು ಒರೆಸಿಕೊಂಡು, “ನಾನು ಆಗಲೇ ಹೇಳಿದ್ದೆ, ಮಂಕಾಳಿ ಅಂಥವಳಲ್ಲ ಅಂತ,” ಎಂದ. ಅವನು ಹೇಳಿರಲಿಲ್ಲ. ನಾನು ಅಂತೂ ಜಗಲಿಯ ಕಂಬಕ್ಕೆ ಒರಗಿ ನಗುತ್ತಾ ಅಳುತ್ತಾ ಮಗುವಿನ ಪಾದಕ್ಕೆ ಮುತ್ತು ಕೊಡುತ್ತಿದ್ದೆ. ಗೆದ್ದೆ, ಅಮ್ಮ ಉಳಿದಳು, ಇಷ್ಟೇ ನನ್ನ ತಲೆಯಲ್ಲಿ ಇದ್ದದ್ದು.

ಅಮ್ಮ ಒಬ್ಬಳೇ ನಗಲಿಲ್ಲ. ಅವಳು ಬೊಮ್ಮಕ್ಕನ ಕೈ ಬಿಡಿಸಿಕೊಂಡು ಬಂದು, ಹೊರಬಂಡೆಯ ಕೊಡದ ಮುಂದೆ ಕೂತು, ತೋಳು ಮೇಲೇರಿಸಿ, ಮೊಣಕೈ ಅದ್ದಿದಳು. ಯಾವತ್ತೂ ಅದ್ದಿದ ಕೂಡಲೇ ತೆಗೆಯುವವಳು ಅವತ್ತು ತೆಗೆಯಲೇ ಇಲ್ಲ. ನೋಡನೋಡುತ್ತಾ ಅಂಗಳದ ಗದ್ದಲ ಅಡಗಿತು.

“ತೂಬಿನ ಬುಡದ್ದು ಯಾಕೆ ಅಷ್ಟು ತಣ್ಣಗಿದೆ ಗೊತ್ತುಂಟಾ?” ಎಂದಳು ಅಮ್ಮ, ಯಾರನ್ನೂ ನೋಡದೆ. “ಅಲ್ಲಿ ಗಡ್ಡೆ ಒಡೀತಾ ಇದೆ. ಒಡೆಯುವಾಗ ಸುತ್ತಲಿನ ಬಿಸಿ ಕುಡೀತದೆ, ಮಜ್ಜಿಗೆ ಪಾತ್ರೆ ಹತ್ರ ಮಾಡಿದ ಹಾಗೆ. ಇದು ನೋಡಿ, ಇದು ಕಡಲಿನ ನಿಜವಾದ ನೀರು. ಆಳದ್ದು. ನನ್ನಮ್ಮ ಮೊಣಕೈ ಇಡೋಕೆ ಕಲಿಸಿದಾಗ ಇದು ಮೂಳೆ ಕೊರೀತಿತ್ತು. ಈಗ ಇದರಲ್ಲಿ ಮಗು ಮೀಯಬಹುದು.” ಆಮೇಲೆ ನನ್ನ ಕಡೆ ತಿರುಗಿದಳು. “ನನ್ನ ತಪ್ಪೇ ಆಗಿದ್ರೆ ಚೆನ್ನಾಗಿತ್ತು ಸಾತೂ. ನಾನೊಬ್ಬಳು ಹೋದ್ರೆ ಮುಗೀತಿತ್ತು.”

ಆಗ ನನಗೆ ತಿಳಿಯಿತು. ಇಡೀ ಕಡಲೇ ಬೆಚ್ಚಗಾಗಿದೆ. ಎಲ್ಲಿಂದಲೋ ಬಂದ ನೀರು, ಎಷ್ಟೋ ವರ್ಷದಿಂದ ಬರುತ್ತಿರುವ ನೀರು. ಅದಕ್ಕೆ ಯಾರನ್ನು ಘಟ್ಟ ಹತ್ತಿಸುವುದು? ಬೀರಣ್ಣನ ಕಟ್ಟಳೆಯಲ್ಲಿ ಇದಕ್ಕೆ ಏನೂ ಹೇಳಿರಲಿಲ್ಲ. ಕೊನೆಗೆ ಬೊಮ್ಮಕ್ಕನೇ ಕೇಳಿದಳು: “ಹಾಗಾದ್ರೆ ಎಂತ ಮಾಡೋದು ಮಂಕಾಳಿ?”

ಅಮ್ಮ ಎದ್ದು ನಿಂತಳು. ಕೋರ್ಟು ತೀರ್ಪು ಕೊಟ್ಟಿತು. “ಈ ದಡ ಇನ್ನು ನಿಲ್ಲೋದಿಲ್ಲ. ಇವತ್ತೇ ಇಲ್ಲಿಂದ ಏಳಬೇಕು. ಎಲ್ಲರೂ.”

ಅಂಥ ಮಧ್ಯಾಹ್ನವನ್ನು ನಾನು ಮತ್ತೆ ನೋಡಲಾರೆ. ಹಂಡೆ, ಬಲೆ, ಕೋಳಿ, ಕಿಟಕಿಯ ಚೌಕಟ್ಟು, ಅಜ್ಜಿಯಂದಿರು, ಎಲ್ಲವೂ ಹೆಗಲಿನ ಮೇಲೆ! ಮೇಲಿನ ಕೇರಿಯವರೂ ಓಡಿ ಬಂದು ಕೈ ಹಾಕಿದರು. ಒಬ್ಬನು ಬಾಗಿಲನ್ನೇ ಕಿತ್ತು ಹೊತ್ತುಕೊಂಡು ಹೊರಟ, ಅದರ ಮೇಲೆ ಅವನ ಬೆಕ್ಕು ಕೂತಿತ್ತು. ಬಯ್ಗುಳ, ನಗು, ‘ಆ ಒರಳು ಬಿಡೋ ಮಾರಾಯ’ ಎಂಬ ಕೂಗು, ‘ಬಿಡೋದಿಲ್ಲ’ ಎಂಬ ಉತ್ತರ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಜಟ್ಟಪ್ಪ ಮತ್ತು ಹಮ್ಮಣ್ಣ ಹೊತ್ತರು. ಬಾಣಂತಿ ಮೆರವಣಿಗೆ ಎಂದು ಮಕ್ಕಳು ಹಿಂದೆ ಬಿದ್ದರು. ಎಲ್ಲರಿಗಿಂತ ಮುಂದೆ ಘಟ್ಟದ ದಾರಿಯಲ್ಲಿ ಅಮ್ಮ. ಅವಳ ಗಂಟು ಬೆಳಿಗ್ಗೆಯೇ ಕಟ್ಟಿ ಆಗಿತ್ತಲ್ಲ.

ಘಟ್ಟದ ಮೊದಲ ತಿರುವಿನಲ್ಲಿ ಕುರ್ಚಿ ಇಳಿಸಿ ಉಸಿರು ಬಿಡುತ್ತಿದ್ದಾಗ ಕೆಳಗಿನಿಂದ ಒಂದು ಸದ್ದು ಬಂತು. ದೊಡ್ಡದೇನಲ್ಲ, ಉಂಡವರು ತೇಗಿದ ಹಾಗೆ. ತಿರುಗಿ ನೋಡಿದೆವು. ಕಡಲು ಬೆಳ್ಳಗೆ ನೊರೆಯೆದ್ದು ಉಬ್ಬಿತು. ನಮ್ಮ ಹಿಂಬಾಗಿಲ ಮೆಟ್ಟಿಲು, ತಂಪುತೊಟ್ಟಿ, ಬೊಮ್ಮಕ್ಕನ ಗೋಡೆ, ಒಂದರ ಹಿಂದೊಂದು ಮೆತ್ತಗೆ ಜಾರಿದವು. ಆಮೇಲೆ ಕೇರಿಯೇ ಜಾರಿತು. ನಾನು ಮಲಗಿದ್ದ ಕೋಣೆಯೂ ಹೋಯಿತು. ಒಳಗೆ ಒಂದು ನರಪಿಳ್ಳೆ ಇರಲಿಲ್ಲ. ಬೀರಣ್ಣ ತಲೆಯ ವಸ್ತ್ರ ತೆಗೆದು ಅಮ್ಮನ ಕಾಲು ಮುಟ್ಟಲು ಬಗ್ಗಿದ. ಅಮ್ಮ ಅವನ ಕೈ ಹಿಡಿದು ನಿಲ್ಲಿಸಿ ನನ್ನ ಮಡಿಲಿನ ಮಗುವನ್ನು ತೋರಿಸಿದಳು. ಅವನು ಅದರ ಹಿಮ್ಮಡಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ.

ಘಟ್ಟದ ಮೇಲೆ ಸೌದೆ ಒಲೆ, ಹೊಗೆ, ಕೆಮ್ಮು. ಆದರೂ ಮರುದಿನ ಬೆಳಿಗ್ಗೆ ಅಮ್ಮ ಮಾಡಿದ ಮೊದಲ ಕೆಲಸ ನನಗೆ ಹಂಡೆ ನೀರು ಕಾಯಿಸಿದ್ದು. ತಟ್ಟಿ ಕಟ್ಟಿದ ಬಚ್ಚಲಲ್ಲಿ ಕೂರಿಸಿ ಬೆನ್ನು ಕೆಂಪಾಗುವ ಹಾಗೆ ಹುಯ್ದಳು. “ಇಲ್ಲಿ ಯಾರೂ ತಣ್ಣೀರು ಮೀಯಬೇಕಾಗಿಲ್ಲ! ಎಲ್ಲರಿಗೂ ಕಾಯ್ಸಿ!” ಎಂದು ಬೊಮ್ಮಕ್ಕ ಹೊರಗಿನಿಂದ ಕೂಗುತ್ತಿದ್ದಳು, ಸಂಭ್ರಮದಿಂದ. ನೀರು ಹೊಗೆಯಾಡುತ್ತಾ ತಟ್ಟಿಯ ಕೆಳಗಿಂದ ಹೊರಗೆ ಹರಿದು ಮಣ್ಣಿಗೆ ಬಿದ್ದದ್ದೇ ತಡ, ಅಮ್ಮ ತಂಬಿಗೆಯನ್ನು ಬಿಟ್ಟು ಓಡಿದಳು. ತಟ್ಟಿಯ ಸಂದಿಯಿಂದ ನೋಡಿದೆ. ಹರಿಯುವ ನೀರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ತೋಳು ಮೇಲೇರಿಸಿ, ಮೊಣಕೈ ಇಟ್ಟಿದ್ದಳು.

“ಅಮ್ಮಾ, ಇಲ್ಲಿ ಅದೆಲ್ಲ ಬೇಡವೇ!” ಎಂದು ಕೂಗಿದೆ. “ಕಡಲು ಎಲ್ಲಿದೆ ಇಲ್ಲಿ?”

ಅವಳು ನೀರು ಹರಿದು ಹೋಗುವ ದಿಕ್ಕನ್ನೇ ನೋಡುತ್ತಿದ್ದಳು. ಅದು ಕಲ್ಲಿನಿಂದ ಕಲ್ಲಿಗೆ ಇಳಿದು, ತೊರೆಯ ಕಡೆ ಹೊರಟಿತ್ತು.

“ಇದೂ ಇಳಿಜಾರೇ ಅಲ್ವೇನೇ?” ಎಂದಳು. “ಕೊನೆಗೆ ಎಲ್ಲಿಗೆ ಹೋಗ್ತದೆ?”

ಬೊಮ್ಮಕ್ಕನ ಕೂಗು ಅಲ್ಲಿಗೇ ನಿಂತಿತು. ಸಂಜೆಯೊಳಗೆ ಹಮ್ಮಣ್ಣ ಗುದ್ದಲಿ ಹಿಡಿದು ಹೊಸ ತೊಟ್ಟಿಗೆ ಗುಂಡಿ ತೋಡುತ್ತಿದ್ದ. ಬಾಯಲ್ಲಿ ಬೀಡಿ ಇತ್ತು, ಹೊತ್ತಿಸಿರಲಿಲ್ಲ.